ಗೋ, ನೋ-ಗೋ

ಉದ್ಯಮಬಾಗದ ಶೆಡ್ಡಿನಾಗ ನನ್ನ ಕೆಲಸ
ತೂತಿಗೆ ಗೇಜು ಇಳಿಸೂದು.
ಒಂದು ತುದಿ ಹೋಗಬೇಕು, ಇನ್ನೊಂದು ಹೋಗಬಾರದು.
ಎರಡೂ ನಿಂತರ ಮತ್ತ ಲೇಥಿಗೆ.
ಎರಡೂ ಹೋದರ ಭಂಗಾರ,
ಬಂಗಾರ ಅಲ್ಲ ಮತ್ತ, ಮೋಡಕಾ.
ದಿನಕ್ಕ ಒಂಬೈನೂರು ತೂತು.

ಸಂಜಿ ಬಸ್ಸಿನಾಗ ಅದೇ ಕಣ್ಣಿಲೆ
ಕಂಪ್ಯೂಟರ್ ಸಾಮಾನು ನೋಡ್ತೇನಿ.
ಭಿಸಿ ಎತ್ತಿದ್ದು ಇಪ್ಪತ್ತೈದು ಸಾವಿರ, ದೀಪಾವಳಿ ಬೋನಸ್ಸು ಹನ್ನೊಂದು,
ಸ್ಕೂಟಿ ಮಾರಿದ್ದರಾಗ ಅವ್ವ ಕೈಬಿಟ್ಟದ್ದು ಆರು.
ಇಷ್ಟರಾಗ ಒಂದು ಯಂತ್ರ ಎದ್ದು ನಿಲ್ಲಬೇಕು,
ಆಟ ಓಡಬೇಕು, ತಡವರಿಸಬಾರದು.

ಚಲನ್ ಬೆನ್ನಿಗೆ ಬರಕೊಂಡೆ:
ಪ್ರೊಸೆಸರ್, ಐದು ಸಾವಿರದ ಆರುನೂರು
(ಅದು ರೇಟಲ್ಲವ್ವಾ, ಅದರ ಹೆಸರು).
ಬೋರ್ಡು ಅದರ ಸಾಕೆಟ್ಟಿಂದೇ.
ರ‍್ಯಾಮು ಡಿಡಿಆರ್ ನಾಲ್ಕು.
ಐದು ತಂದರ ನಡುವಿನ ಕಚ್ಚು ಒಂಚೂರು ಆಚೆ,
ದೇವರು ಬಂದು ಒತ್ತಿದರೂ ಕೂಡೂದಿಲ್ಲ.

ಖಡೇಬಜಾರದ ಕಿಲ್ಲೇಕರ ಮಾಮಾ
"ಕ್ಯಾಬಿನೆಟ್ ತಗೋ, ಎಸ್‌ಎಂಪಿಎಸ್ ಫುಕಟ್" ಅಂದ.
ಎತ್ತಿ ನೋಡಿದೆ.
ಮ್ಯಾಲೆ ಐನೂರು ವ್ಯಾಟ್ ಅಂತ ಬರದೈತಿ,
ತೂಕ ಒಂದು ಪುಡಿಕಿ ಚುರಮುರಿ.
ಎರಕದ ಊರಾಗ ಹುಟ್ಟಿದಾಕಿಗೆ
ಪೊಳ್ಳು ಯಾವುದಂತ ಕೈನೇ ಹೇಳತೈತಿ.
ಬಣ್ಣದ ದೀಪದ ಫ್ಯಾನು ಮೂರೂ ಕಾಟು ಹಾಕಿ
ಆ ರೊಕ್ಕಾ ಭಾರದ ಎಸ್‌ಎಂಪಿಎಸ್ಸಿಗೆ ಹಾಕಿದೆ.
ಮಾಮಾ ಮಾರಿ ಸಣ್ಣದು ಮಾಡಿದ.

ಕಾರ್ಡು ಸೆಕೆಂಡ್‌ಹ್ಯಾಂಡು, ವಡಗಾವಿ ಹುಡುಗನದು.
ಶೆಡ್ಡಿನ ದೊಡ್ಡ ವರ್ನಿಯರ್ ಒಂದು ರಾತ್ರಿ ಕೇಳಿ ತಂದು ಅಳದೆ:
ಇನ್ನೂರ ಎಂಬತ್ತೆರಡು.
ಪೆಟಗಿಯೊಳಗ ಜಾಗ ಇನ್ನೂರ ಎಪ್ಪತ್ತು.
ಹಾರ್ಡ್‌ಡಿಸ್ಕಿನ ಗೂಡು ಗ್ರೈಂಡರಿಲೆ ಹಾರಿಸಿ
ಅಂಚಿಗೆ ಅರ ಹಚ್ಚಿ ತಿಕ್ಕಿದೆ.
ಕಿಡಿ ನೋಡಿ ಅವ್ವ, "ಇದೇನು ಆಟನೋ, ಕಮ್ಮಾರಿಕಿನೋ?"

ಎಲ್ಲಾ ಕೂಡಿತು. ಸ್ವಿಚ್ ಒತ್ತಿದೆ.
ಫ್ಯಾನು ತಿರುಗಿತು.
ಪರದೆ ಕಪ್ಪು.

ಬೋರ್ಡಿನ ಪೆಟಗಿ ಮ್ಯಾಲೆ ಸಣ್ಣ ತಾರೀಖು:
ಪ್ರೊಸೆಸರ್ ಹುಟ್ಟೂದಕ್ಕ ಮೂರು ವರ್ಷ ಮೊದಲಿಂದು.
ಸಾಕೆಟ್ಟು ಅದೇ, ಪಿನ್ನು ಅವೇ.
ಆದರ ಬಂದಾವ ಯಾರಂತ ಬೋರ್ಡಿಗೆ ಗೊತ್ತಿಲ್ಲ.
ಯಾವ ವರ್ನಿಯರ್ರಿಗೂ ಸಿಗದ ಅಳತಿ ಇದು.
ಹಳೇ ಪ್ರೊಸೆಸರ್ ಒಂದು ಕೂಡಿಸಿ
ಬಯೋಸಿಗೆ ಹೊಸಾ ಪಾಠ ಓದಿಸಬೇಕು,
ಆಮ್ಯಾಲೇ ಹೊಸಬನ ಗುರುತು ಹಿಡೀತೈತಿ.

ಹಳೇದು ಇದ್ದದ್ದು ಅನಗೋಳದ ಭಾವಕಣ್ಣನ ಹಂತ್ಯಾಕ.
ಮಾತು ಬಿಟ್ಟು ಎರಡು ವರ್ಷ.
ಅವ ಮಾರಿದ ರ‍್ಯಾಮು ವಾರದಾಗ ಸತ್ತಿತ್ತು,
ನಾ ಅವನ ಬಾಗಲಾಗ ನಿಂತು
ಮೂರು ಭಾಷೆದಾಗ ಬೈದಿದ್ದೆ.

ಪೆಟಗಿ ತೊಡಿಮ್ಯಾಲೆ ಇಟ್ಕೊಂಡು ಆಟೋದಾಗ ಹೋದೆ.
ಬರಿಗೈಲೆ ಅಲ್ಲ,
ಥರ್ಮಲ್ ಪೇಸ್ಟಿನ ಹೊಸಾ ಟ್ಯೂಬು ಒಂದು.
ಭಾವಕಣ್ಣ ಪೆಟಗಿ ನೋಡಿದ, ಟ್ಯೂಬು ನೋಡಿದ,
"ಬಯೋಸ್?" ಅಂದ.
ಬಾ ಅನ್ನಲಿಲ್ಲ. ಸ್ಕ್ರೂಡ್ರೈವರ್ ಹುಡುಕಾಕ ಹೋದ.

ತನ್ನ ಯಂತ್ರ ತಾನೇ ಬಿಚ್ಚಿ
ಒಣಗಿದ ಪೇಸ್ಟು ಸ್ಪಿರಿಟಿಲೆ ಒರಸಿ
ನನ್ನ ಬೋರ್ಡಿನಾಗ ಅವನದನ್ನ ಇಟ್ಟು
ಸಣ್ಣ ಸಳಿ ಒತ್ತಿದ.
ಪರದೆ ಬೆಳಗಾತು.
"ಆ ರ‍್ಯಾಮು ಎಲ್ಲೈತಿ?"
ಕೀಲಿಗೊಂಚಲ ತಗದು ತೋರಿಸಿದೆ,
ತೂತು ಕೊರದು ಉಂಗುರಕ್ಕ ಹಾಕೇನಿ.
ಅವ ಬೆರಳಿಲೆ ತಿರುಗಿಸಿ ನೋಡಿದ:
"ತೂತು ಬೇಷ್ ಹೊಡದಿ, ಲಗಮವ್ವ."

ಲಗಮವ್ವ ನಮ್ಮ ಅಜ್ಜಿ ಹೆಸರು.
ಆಟದಾಗ ನಂದು.

ಪೆನ್‌ಡ್ರೈವ್ ಚುಚ್ಚಿದ್ವಿ. ಗೆರಿ ತೆವಳಿತು,
ಹದಿನಾಲ್ಕು, ಮೂವತ್ತೊಂದು.
ಈ ನಡುವ ಕರೆಂಟು ಹೋದರ ಬೋರ್ಡು ಮೋಡಕಾ.
ಗೆರಿ ಹೋಗಬೇಕು,
ಕರೆಂಟು ಹೋಗಬಾರದು.
ನಾವಿಬ್ಬರೂ ಪರದೆ ನೋಡಲಿಲ್ಲ,
ಬಾಯಿ ಮುಚ್ಕೊಂಡು
ಮ್ಯಾಲಿನ ಬಲ್ಬು ನೋಡಕೋತ ಕುಂತ್ವಿ.